ಬಾಡಿಗೆ ಮನೆಯೂ ನಾಯಿಮರಿಯೂ

ಪ್ರಶ್ನೆ: ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ ಪಾಳಿಯ ಗುತ್ತಿಗೆ ಕೆಲಸದಲ್ಲಿದ್ದೇನೆ. ಬಾಡಿಗೆ ಕರಾರು 11 ತಿಂಗಳಿನದು. ಆಮೇಲೆ ಯಾವ ಊರೋ ತಿಳಿಯದು. ಓಣಿಯ ನಾಯಿಮರಿಯೊಂದು ದಿನವೂ ನಮ್ಮ ಹೊಸ್ತಿಲಲ್ಲೇ ಮಲಗುತ್ತದೆ. ಸಾಕಿಕೊಳ್ಳಬಹುದೇ?

ಉತ್ತರ: ನಾಯಿಯ ಆಯುಷ್ಯ ಸಾಮಾನ್ಯವಾಗಿ 10ರಿಂದ 15 ವರ್ಷವಾದ್ದರಿಂದ, ಮುಂದಿನ ಊರಿಗೂ ಕರೆದೊಯ್ಯುವ ಗಟ್ಟಿ ಮನಸ್ಸಿದ್ದರೆ ಮಾತ್ರ, ಅದೂ ಮಾಲೀಕರ ಒಪ್ಪಿಗೆಯನ್ನು ಕರಾರಿನಲ್ಲೇ ಬರೆಸಿಕೊಂಡು, ಒಳಗೆ ಕರೆದುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ನೆರೆಯವರ ಮೊದಲ ದೂರಿಗೇ ಮುರಿದುಬೀಳುತ್ತದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ, ನೀವು ಪಾಳಿಗೆ ಹೋದಾಗ ತಗಡಿನ ಕೋಣೆಯಲ್ಲಿ ಮರಿಯನ್ನು ಕೂಡಿಹಾಕುವುದು ಅದರ ಜೀವಕ್ಕೇ ಅಪಾಯ. ಮನೆಯಲ್ಲಿ ಬೆಳೆಸಿ ಬಿಟ್ಟುಹೋದ ನಾಯಿಯನ್ನು ಓಣಿಯ ನಾಯಿಗಳು ಸುಲಭವಾಗಿ ಸೇರಿಸಿಕೊಳ್ಳುವುದಿಲ್ಲ. ಮನಸ್ಸು ಗಟ್ಟಿಯಿಲ್ಲವೆಂದಾದರೆ ಅದು ಓಣಿಯಲ್ಲೇ ಬೆಳೆಯಲಿ. ನೀರು, ರೊಟ್ಟಿ ಇಡಿ, ಮೂರು ತಿಂಗಳು ತುಂಬಿದ ಮೇಲೆ ಪಶು ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಹಾಕಿಸಿ.