ಬರಹಗಾರರಿಗೆ ಸಲಹೆ: ಹಕ್ಕಿ ನೋಡಿದವರು ಯಾರು?

ನಮಸ್ಕಾರ.

‘ಆಸ್ಪಿಸಸ್: ಒಂದು ಪದದ ಪಯಣ’ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಒಂದೇ ಸಾಲಲ್ಲಿ ‘ಸ್ವೀಕರಿಸಿಲ್ಲ’ ಅಂತ ಬರೆದು ಕಳಿಸಲು ಮನಸ್ಸು ಬರಲಿಲ್ಲ. ಇದರೊಳಗೆ ಒಂದು ಒಳ್ಳೆಯ ಬರಹ ಕೂತಿದೆ. ಅದು ಹೊರಗೆ ಬರಬೇಕು ಅನ್ನೋ ಆಸೆಯಿಂದ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನೀವು ಆರಿಸಿಕೊಂಡ ಪದ ಚೆನ್ನಾಗಿದೆ. ಇಂಗ್ಲಿಷ್ ಆಮಂತ್ರಣ ಪತ್ರಿಕೆಗಳಲ್ಲಿ ‘ಅಂಡರ್ ದಿ ಆಸ್ಪಿಸಸ್ ಆಫ್’ ಅಂತ ಇರುತ್ತದೆ. ಅದನ್ನೇ ನಾವು ಕನ್ನಡದಲ್ಲಿ ‘ಆಶ್ರಯದಲ್ಲಿ’ ಅಂತ ಹಾಕುತ್ತೇವೆ. ಇಬ್ಬರು ಸೇರಿದರೆ ‘ಸಂಯುಕ್ತ ಆಶ್ರಯದಲ್ಲಿ’. ಈ ಪದಕ್ಕೆ ಹಿಂದೆ ಹಕ್ಕಿ ಶಕುನ ಅನ್ನೋ ಅರ್ಥ ಇತ್ತು ಎಂದು ನೀವು ಬರೆದಿದ್ದೀರಿ. ಸರಿ. ಆಮೇಲೆ ಹೀಗೆ ಬರೆದಿದ್ದೀರಿ: ‘ಕಾಲಕ್ರಮೇಣ ಇದಕ್ಕೆ ಆಶ್ರಯ, ಪೋಷಣೆ ಎಂಬ ಅರ್ಥ ಬಂದಿತು.’

ನನ್ನ ದೊಡ್ಡ ತಕರಾರು ಇಲ್ಲೇ. ‘ಕಾಲಕ್ರಮೇಣ’ ಅನ್ನೋ ಒಂದು ಪದದೊಳಗೆ ಇಡೀ ಕತೆಯನ್ನು ಮುಚ್ಚಿಟ್ಟುಬಿಟ್ಟಿದ್ದೀರಿ. ಓದುವವರಿಗೆ ಬೇಕಾಗಿರುವುದು ಅದೇ ಅಲ್ವಾ? ಆಕಾಶದಲ್ಲಿ ಹಾರುವ ಹಕ್ಕಿಗೂ ಕಾರ್ಯಕ್ರಮ ನಡೆಸುವ ಸಂಘಕ್ಕೂ ಏನು ಸಂಬಂಧ? ನಿಮ್ಮ ಬರಹದ ಮೊದಲ ಅರ್ಧ ಹಕ್ಕಿಯ ಬಗ್ಗೆ ಇದೆ, ಉಳಿದರ್ಧ ಆಶ್ರಯದ ಬಗ್ಗೆ ಇದೆ. ನಡುವೆ ಸೇತುವೆ ಇಲ್ಲ.

ಸೇತುವೆ ರೋಮ್‌ನಲ್ಲಿದೆ. ಲ್ಯಾಟಿನ್‌ನಲ್ಲಿ ‘ಆವಿಸ್’ ಅಂದರೆ ಹಕ್ಕಿ, ‘ಸ್ಪೆಕೆರೆ’ ಅಂದರೆ ನೋಡು. ಹಕ್ಕಿ ನೋಡುವವನು ‘ಔಸ್ಪೆಕ್ಸ್’. ಇಷ್ಟನ್ನು ನೀವೂ ಹೇಳಿದ್ದೀರಿ. ಹೇಳದೇ ಬಿಟ್ಟದ್ದು ಏನೆಂದರೆ, ರೋಮ್‌ನಲ್ಲಿ ರಾಜ್ಯದ ಪರವಾಗಿ ಹಕ್ಕಿ ನೋಡುವ ಹಕ್ಕು ಎಲ್ಲರಿಗೂ ಇರಲಿಲ್ಲ. ಅದು ಅಧಿಕಾರದಲ್ಲಿ ಇದ್ದವರದು. ಯುದ್ಧ ಶುರು ಮಾಡುವ ಮೊದಲು, ಸಭೆ ಸೇರಿಸುವ ಮೊದಲು ಅವರು ಶಕುನ ಕೇಳಬೇಕಿತ್ತು. ಸೈನ್ಯದಲ್ಲಿ ಈ ಹಕ್ಕು ಮುಖ್ಯ ಸೇನಾಪತಿಯದು. ಕೆಳಗಿನವರು ಎಷ್ಟೇ ಚೆನ್ನಾಗಿ ಹೋರಾಡಲಿ, ಹೋರಾಡಿದ್ದು ಅವನ ಶಕುನದ ಅಡಿಯಲ್ಲಿ. ಗೆದ್ದರೆ ಗೆಲುವೂ ಅವನದೇ, ಸೋತರೆ ಉತ್ತರ ಹೇಳಬೇಕಾದವನೂ ಅವನೇ.

ಇದಕ್ಕೆ ಒಂದು ಜಗಳ ಸಾಕ್ಷಿ. ಕ್ರಿ.ಪೂ. 241ರಲ್ಲಿ ಸಿಸಿಲಿಯ ಪಕ್ಕದ ಕಡಲಿನಲ್ಲಿ ರೋಮನ್ನರು ಉತ್ತರ ಆಫ್ರಿಕಾದ ಕಾರ್ತೇಜಿನವರ ನೌಕಾಪಡೆಯನ್ನು ಸೋಲಿಸಿದರು. ಕಾನ್ಸಲ್ (ರೋಮ್‌ನ ಅತಿ ದೊಡ್ಡ ಅಧಿಕಾರಿ) ಆಗಿದ್ದ ಲುಟೇಷಿಯಸ್ ಕ್ಯಾಟುಲಸ್ ಗಾಯಗೊಂಡು ಪಲ್ಲಕ್ಕಿಯಲ್ಲಿ ಮಲಗಿದ್ದ. ಯುದ್ಧ ನಡೆಸಿದವನು ಅವನ ಕೆಳಗಿನ ಅಧಿಕಾರಿ ವಲೇರಿಯಸ್ ಫಾಲ್ಟೋ. ಊರಿಗೆ ಬಂದಮೇಲೆ ವಿಜಯೋತ್ಸವ ಯಾರಿಗೆ ಅಂತ ವ್ಯಾಜ್ಯ ಹತ್ತಿತು. ನ್ಯಾಯ ಹೇಳಲು ಕೂತವನು ಫಾಲ್ಟೋನನ್ನು ಕೇಳಿದ: ನಿಮ್ಮಿಬ್ಬರ ಶಕುನ ಬೇರೆಬೇರೆ ಬಂದಿದ್ದರೆ ಯಾರದನ್ನು ಪಾಲಿಸಬೇಕಿತ್ತು? ಕಾನ್ಸಲ್‌ನದು, ಅಂದ ಫಾಲ್ಟೋ. ಹಾಗಾದರೆ ಗೆಲುವೂ ಕಾನ್ಸಲ್‌ನದೇ ಅಂತ ತೀರ್ಪಾಯಿತು. ಇದನ್ನು ಹೇಳುವವನು ವಲೇರಿಯಸ್ ಮ್ಯಾಕ್ಸಿಮಸ್ ಎಂಬ ರೋಮನ್ ಲೇಖಕ.

ಹಕ್ಕಿ ಆಶ್ರಯವಾದದ್ದು ಇಲ್ಲಿ. ‘ಯಾರ ಶಕುನದಲ್ಲಿ ನಡೆಯಿತು’ ಎಂದರೆ ‘ಯಾರ ಹೆಸರಿನಲ್ಲಿ, ಯಾರ ಹೊಣೆಯಲ್ಲಿ ನಡೆಯಿತು’ ಎಂದೇ ಅರ್ಥ. ಮುಂದೆ ಚಕ್ರವರ್ತಿ ಆಗಸ್ಟಸ್ ತನ್ನ ಸಾಧನೆಗಳನ್ನು ಶಾಸನದಲ್ಲಿ ಬರೆಸಿದಾಗ ಇದೇ ಪದ ಬಳಸಿದ. ನೆಲದ ಮೇಲೂ ಕಡಲ ಮೇಲೂ ತಾನೇ ಗೆದ್ದದ್ದನ್ನು, ತನ್ನ ‘ಆಸ್ಪಿಸಸ್’ ಅಡಿಯಲ್ಲಿ ತನ್ನ ಸೇನಾನಿಗಳು ಗೆದ್ದದ್ದನ್ನು ಒಂದೇ ಉಸಿರಲ್ಲಿ ಹೇಳಿಕೊಂಡ. ಆ ಶಾಸನದ ಪ್ರತಿ ಟರ್ಕಿಯ ಅಂಕಾರಾದ ಒಂದು ಹಳೆಯ ಗುಡಿಯ ಗೋಡೆ ಮೇಲೆ ಇವತ್ತಿಗೂ ಇದೆ. ಅವನೇನೂ ಪ್ರತಿ ಯುದ್ಧಕ್ಕೂ ಹೋಗಿರಲಿಲ್ಲ. ಹಕ್ಕಿ ಹಿಂದೆ ಸರಿದು ದೊಡ್ಡವರ ಹೆಸರು ಮುಂದೆ ಬಂದದ್ದು ಈ ಒಂದು ಸಾಲಿನಲ್ಲೇ ಕಾಣುತ್ತದೆ. ನಿಮ್ಮ ಲೇಖನದ ನಟ್ಟನಡುವೆ ಇದು ಇರಬೇಕು.

ಈಗ ತಪ್ಪುಗಳಿಗೆ ಬರುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

‘ರೋಮನ್ನರು ಹಕ್ಕಿಯ ಹೊಟ್ಟೆ ಸೀಳಿ ಕರುಳು ನೋಡಿ ಭವಿಷ್ಯ ಹೇಳುತ್ತಿದ್ದರು’ ಎಂದಿದ್ದೀರಿ. ಎರಡು ಬೇರೆ ಕೆಲಸಗಳನ್ನು ಕಲಸಿದ್ದೀರಿ. ಬಲಿಕೊಟ್ಟ ಕುರಿ, ದನಗಳ ಪಿತ್ತಜನಕಾಂಗ ನೋಡಿ ಹೇಳುವವರನ್ನು ‘ಹರುಸ್ಪೆಕ್ಸ್’ ಎನ್ನುತ್ತಿದ್ದರು. ಆ ವಿದ್ಯೆ ರೋಮ್‌ನ ನೆರೆಯವರಾದ ಎಟ್ರಸ್ಕನ್ನರಿಂದ ಬಂದದ್ದು. ಹಕ್ಕಿ ಶಕುನದಲ್ಲಿ ಹಕ್ಕಿಯನ್ನು ಕೊಲ್ಲುವುದಿಲ್ಲ. ಹದ್ದು, ರಣಹದ್ದುಗಳು ಹಾರುವ ರೀತಿ ನೋಡುತ್ತಿದ್ದರು. ಕಾಗೆ, ಗೂಬೆಗಳ ಕೂಗು ಕೇಳುತ್ತಿದ್ದರು. ಇದನ್ನು ಬಲ್ಲ ಪುರೋಹಿತನಿಗೆ ‘ಆಗುರ್’ ಎಂದು ಹೆಸರು. ಇಂಗ್ಲಿಷಿನ ‘ಇನಾಗುರೇಶನ್’ ಒಳಗೆ ಇರುವವನು ಇವನೇ. ನಮ್ಮ ‘ಉದ್ಘಾಟನೆ’ಯೊಳಗೆ ಬಾಗಿಲು ತೆರೆಯುವ ಚಿತ್ರ ಇದೆ, ಅವರದ್ದರೊಳಗೆ ಆಕಾಶ ನೋಡುತ್ತಾ ನಿಂತ ಪೂಜಾರಿ ಇದ್ದಾನೆ. ಇದನ್ನು ಬೇಕಾದರೆ ಬಳಸಿಕೊಳ್ಳಿ.

ಕೋಳಿ ಕತೆಯನ್ನು ಎರಡೇ ಸಾಲಲ್ಲಿ ಮುಗಿಸಿದ್ದೀರಿ, ಅದೂ ನೀವು ಎದುರಿಗಿದ್ದು ನೋಡಿದ ಹಾಗೆ. ಕತೆ ಹೀಗಿದೆ. ಕ್ರಿ.ಪೂ. 249, ಸಿಸಿಲಿಯ ಡ್ರೆಪಾನಾ ಬಂದರು. ಕಾನ್ಸಲ್ ಪಬ್ಲಿಯಸ್ ಕ್ಲಾಡಿಯಸ್ ಪುಲ್ಕರ್. ಸೈನ್ಯದ ಜೊತೆ ಪಂಜರದಲ್ಲಿ ಪವಿತ್ರ ಕೋಳಿಗಳು ಇರುತ್ತಿದ್ದವು, ಅವುಗಳನ್ನು ನೋಡಿಕೊಳ್ಳಲು ಒಬ್ಬ ಆಳು. ಕಾಳು ಹಾಕಿದಾಗ ಕೋಳಿ ಆಸೆಯಿಂದ ಮುಕ್ಕಿ, ಕೊಕ್ಕಿನಿಂದ ಕಾಳು ನೆಲಕ್ಕೆ ಉದುರಿದರೆ ಒಳ್ಳೆಯ ಶಕುನ. ಆವತ್ತು ಕೋಳಿಗಳು ಬಾಯಿಯೇ ಹಾಕಲಿಲ್ಲ. ‘ತಿನ್ನದಿದ್ದರೆ ಕುಡಿಯಲಿ’ ಅಂತ ಕ್ಲಾಡಿಯಸ್ ಅವುಗಳನ್ನು ಸಮುದ್ರಕ್ಕೆ ಎಸೆಸಿದ. ಆಮೇಲೆ ಯುದ್ಧದಲ್ಲಿ 93 ಹಡಗುಗಳು ಶತ್ರುಗಳ ಕೈಸೇರಿದವು. ಊರಿಗೆ ಬಂದಮೇಲೆ ವಿಚಾರಣೆ, ದಂಡ.

ಆದರೆ ನೋಡಿ, ಆ ಯುದ್ಧವನ್ನು ವಿವರವಾಗಿ ಬರೆದ ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಕೋಳಿಯ ಮಾತೇ ಎತ್ತುವುದಿಲ್ಲ. ಕೋಳಿ ಬರುವುದು ರೋಮನ್ ಲೇಖಕ ಸಿಸೆರೋ ಮತ್ತು ಅವನ ನಂತರದವರಲ್ಲಿ. ಹಾಗಾಗಿ ‘ಎಂದು ಸಿಸೆರೋ ಹೇಳುತ್ತಾನೆ’ ಅನ್ನೋ ಮೂರು ಪದ ಸೇರಿಸಿ. ಕತೆಯ ರುಚಿ ಕಡಿಮೆಯಾಗುವುದಿಲ್ಲ, ನಿಮ್ಮ ಮೇಲಿನ ನಂಬಿಕೆ ಜಾಸ್ತಿಯಾಗುತ್ತದೆ. ಸಿಸೆರೋ ಸ್ವತಃ ಆಗುರ್ ಆಗಿದ್ದವನು, ಅದನ್ನೂ ಹೇಳಿ.

ಇನ್ನೊಂದು ದೊಡ್ಡ ತಪ್ಪು ಇದೆ. ‘ಆಸ್ಪಿಸಸ್ ಎಂಬುದು ನಮ್ಮ ಶಕುನ ಪದದಿಂದಲೇ ಹುಟ್ಟಿದೆ.’ ಇಲ್ಲ, ಹಾಗಿಲ್ಲ. ಇಂಥ ಸಾಲು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ. ಯಾಕೆಂದರೆ ಸತ್ಯ ಇದಕ್ಕಿಂತ ಚೆನ್ನಾಗಿದೆ. ಸಂಸ್ಕೃತದಲ್ಲಿ ‘ಶಕುನ’ ಪದದ ಅರ್ಥವೇ ಹಕ್ಕಿ. ಆಮೇಲೆ ಹಕ್ಕಿ ಸೂಚಿಸುವ ಶುಭಾಶುಭಕ್ಕೂ ಅದೇ ಹೆಸರಾಯಿತು. ಋಗ್ವೇದದ 2ನೇ ಮಂಡಲದ 42 ಮತ್ತು 43ನೇ ಸೂಕ್ತಗಳಲ್ಲಿ ಹಕ್ಕಿಯನ್ನೇ ಕರೆದು, ಮನೆಯ ಬಲಗಡೆಯಿಂದ ಶುಭ ನುಡಿ ಎಂದು ಕೇಳಿಕೊಂಡಿದ್ದಾರೆ. ಅಂದರೆ ರೋಮ್‌ನವರೂ ಇಲ್ಲಿಯವರೂ ಹಕ್ಕಿಯಿಂದಲೇ ಪದ ಮಾಡಿಕೊಂಡರು. ಆದರೆ ಬೇರೆಬೇರೆ ಪದಗಳಿಂದ.

ನೆಂಟಸ್ತಿಕೆ ಬೇಕೇ ಬೇಕು ಅಂದರೆ ಅದೂ ಇದೆ, ಪದದ ಒಳಗೆ ಹುಡುಕಬೇಕು. ಲ್ಯಾಟಿನ್‌ನ ‘ಆವಿಸ್’ಗೂ ಹಕ್ಕಿ ಎಂಬರ್ಥದ ಸಂಸ್ಕೃತದ ‘ವಿ’ಗೂ ಮೂಲ ಒಂದೇ. ಕಾಗೆಗೆ ‘ವಾಯಸ’ ಅನ್ನುತ್ತೇವಲ್ಲ, ಅದು ಈ ಮನೆತನದ್ದು. ‘ಸ್ಪೆಕೆರೆ’ಗೂ ನೋಡುವುದನ್ನು ಹೇಳುವ ‘ಪಶ್ಯ’ಕ್ಕೂ ಬೇರು ಒಂದೇ. ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ, ಇಬ್ಬರೂ ಒಬ್ಬಳೇ ಅಜ್ಜಿಯ ಮೊಮ್ಮಕ್ಕಳು.

ಶಕುಂತಲೆಯನ್ನು ನೀವು ನೆನೆಸಿಕೊಂಡೇ ಇಲ್ಲ! ಮಹಾಭಾರತದ ಕತೆ ನಿಮಗೂ ಗೊತ್ತು. ಮೇನಕೆ ಮಗುವನ್ನು ಕಾಡಿನಲ್ಲಿ ಬಿಟ್ಟು ಹೋದಳು. ಶಕುಂತಗಳು, ಅಂದರೆ ಹಕ್ಕಿಗಳು, ಸುತ್ತ ನಿಂತು ಮಗುವನ್ನು ಕಾಪಾಡಿದವು. ಅದಕ್ಕೇ ಕಣ್ವರು ಆ ಹೆಸರಿಟ್ಟರು. ಹಕ್ಕಿ ಮತ್ತು ಆಸರೆ ಎರಡೂ ಒಂದೇ ಹೆಸರಿನಲ್ಲಿ ಇವೆ. ಕನ್ನಡದ ಓದುಗರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾ?

ಬಳಕೆಯ ಬಗ್ಗೆ ನೀವು ಬರೆದ ಭಾಗ ತುಂಬಾ ತೆಳು. ‘ಆಸ್ಪಿಸಸ್ ಎಂದರೆ ಹಣಸಹಾಯ’ ಎಂದು ಮುಗಿಸಿದ್ದೀರಿ. ಹಣ ಕೊಡುವವರು ಪ್ರಾಯೋಜಕರು, ಅವರದು ಬೇರೆ ಜಾಗ. ವಿಶ್ವಸಂಸ್ಥೆಯ ಆಶ್ರಯದಲ್ಲಿ ಶಾಂತಿ ಮಾತುಕತೆ ನಡೆಯಿತು ಅಂದರೆ ವಿಶ್ವಸಂಸ್ಥೆ ದುಡ್ಡು ಕೊಟ್ಟಿತು ಅಂತ ಅರ್ಥವಲ್ಲ. ಅದರ ಹೆಸರಿಗೆ ಇರುವ ತೂಕದ ಕೆಳಗೆ ಇವರು ಕೂತು ಮಾತಾಡಿದರು ಅಂತ.

ಇದು ನನಗೆ ನಿಘಂಟಿನಿಂದ ತಿಳಿದದ್ದಲ್ಲ. ವರ್ಷಗಳ ಹಿಂದೆ ನಮ್ಮೂರಲ್ಲಿ ಒಂದು ಕವಿಗೋಷ್ಠಿ ಮಾಡಿದ್ದೆವು. ಓಡಾಡಿದವರು ನಾವು ನಾಲ್ಕು ಜನ. ಆದರೆ ಕಾರ್ಡಿನಲ್ಲಿ ಒಂದು ದೊಡ್ಡ ಸಂಸ್ಥೆಯ ಹೆಸರು ಹಾಕಿ ಕೆಳಗೆ ‘ಆಶ್ರಯದಲ್ಲಿ’ ಅಂತ ಅಚ್ಚು ಹಾಕಿಸಿದ್ದೆವು. ಅವರೂ ಒಪ್ಪಿದ್ದರು. ಆವತ್ತು ಸಂಜೆ ಗಾಳಿಮಳೆ ಬಂದು ಪೆಂಡಾಲು ಹರಿದು ಬಿತ್ತು. ಮಾರನೇ ದಿನ ಪೆಂಡಾಲಿನವರು ಒದ್ದೆಯಾದ ಕಾರ್ಡು ಹಿಡಿದುಕೊಂಡು ಬಂದರು. ‘ಆಶ್ರಯದಲ್ಲಿ’ ಅನ್ನೋ ಅಕ್ಷರದ ಮೇಲೆ ಬೆರಳಿಟ್ಟು ಕೇಳಿದರು: ‘ಇಲ್ಲಿ ಹೆಸರು ಹಾಕಿದೀರಲ್ಲ ಸಾರ್, ಹಂಗಾದ್ರೆ ಕೊಡೋರು ಇವ್ರೇ ತಾನೆ?’ ಸಂಸ್ಥೆಯವರು ಫೋನ್ ಎತ್ತಲಿಲ್ಲ. ನಾವೇ ಕೈಯಿಂದ ಕೊಟ್ಟೆವು. ಆದರೆ ಪದದ ಅರ್ಥ ಸರಿಯಾಗಿ ಗೊತ್ತಿದ್ದದ್ದು ಆ ಪೆಂಡಾಲಿನವರಿಗೆ. ಹೆಸರು ಹಾಕಿಸಿಕೊಂಡವರು ಉತ್ತರ ಹೇಳಬೇಕು. ಕ್ಲಾಡಿಯಸ್‌ನನ್ನು ರೋಮ್‌ನವರು ಕೇಳಿದ್ದೂ ಇದನ್ನೇ.

ನೀವೂ ಮನೆಯಲ್ಲಿರುವ ನಾಲ್ಕು ಹಳೆಯ ಆಮಂತ್ರಣ ಪತ್ರಿಕೆ ತೆಗೆದು ಮುಂದೆ ಹರಡಿಕೊಳ್ಳಿ. ‘ದಿವ್ಯ ಸಾನ್ನಿಧ್ಯ’, ‘ಕೃಪಾಶೀರ್ವಾದ’, ‘ಆಶ್ರಯ’, ‘ಸಹಯೋಗ’, ‘ಪ್ರಾಯೋಜಕರು’. ಯಾರ ಹೆಸರು ಯಾವುದರ ಕೆಳಗಿದೆ ನೋಡಿ. ಹಳೆಯ ರೋಮನ್ ಅರ್ಥದ ಒಂದೊಂದು ತುಂಡು ಒಂದೊಂದು ಕಡೆ ಸಿಗುತ್ತದೆ. ದೈವದ ಒಪ್ಪಿಗೆ ಸಾನ್ನಿಧ್ಯಕ್ಕೆ ಹೋಗಿದೆ, ಹೊಣೆ ಆಶ್ರಯಕ್ಕೆ ಬಂದಿದೆ. ಇದರ ಮೇಲೆಯೇ ಒಂದು ಪುಟ ಬರೆಯಬಹುದು.

ಶೈಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಪದವ್ಯುತ್ಪತ್ತಿಶಾಸ್ತ್ರದ ದೃಷ್ಟಿಕೋನದಿಂದ ಅವಲೋಕಿಸಿದಾಗ’ ಅಂತ ಶುರು ಮಾಡಬೇಡಿ. ನೀವು ಮನೆಯಲ್ಲಿ ಹೀಗೆ ಮಾತಾಡುವುದಿಲ್ಲ ಅನ್ನೋದು ನಿಮ್ಮ ಐದನೇ ಪ್ಯಾರಾ ಓದಿದರೆ ಗೊತ್ತಾಗುತ್ತದೆ.

ಆ ಪ್ಯಾರಾಕ್ಕಾಗಿಯೇ ನಾನು ಈ ಕಾಗದ ಬರೆದದ್ದು. ನಿಮ್ಮ ಅಜ್ಜಿ ಬಿತ್ತನೆಯ ದಿನ ಬೆಳಗಿನ ಜಾವ ತಲೆ ಮೇಲೆ ಬುತ್ತಿ ಹೊತ್ತು ಹೊಸ್ತಿಲಲ್ಲಿ ನಿಲ್ಲುತ್ತಿದ್ದರು, ಹಾಲಕ್ಕಿ ನುಡಿಯುವವರೆಗೆ ಅಂಗಳಕ್ಕೆ ಕಾಲಿಡುತ್ತಿರಲಿಲ್ಲ, ಎತ್ತುಗಳು ಕೊರಳ ಗೆಜ್ಜೆ ಆಡಿಸುತ್ತಾ ಕಾಯುತ್ತಿದ್ದವು ಎಂದು ಬರೆದಿದ್ದೀರಿ. ಓದುತ್ತಾ ನಾನೂ ಕಿವಿ ಕೊಟ್ಟು ನಿಂತೆ. ಮನೆಮಂದಿಯೆಲ್ಲ ಹೊರಟು ನಿಂತಿದ್ದರೂ ಶಕುನ ಕೇಳುವವರು ಅವರೊಬ್ಬರೇ. ಯಾಕೆ? ಮನೆಯ ಹಿರಿಯರು ಅವರು, ಬಿತ್ತನೆಯ ಹೊಣೆ ಅವರದು. ರೋಮ್‌ನ ಕಾನ್ಸಲ್ ನಿಂತ ಜಾಗದಲ್ಲೇ ನಿಮ್ಮ ಅಜ್ಜಿ ನಿಂತಿದ್ದಾರೆ. ಇದು ನಿಮ್ಮ ಕಣ್ಣೆದುರಿಗೇ ಇತ್ತು, ನೀವು ದಾಟಿ ಹೋದಿರಿ.

ಅಲ್ಲಿಂದ ಶುರು ಮಾಡಿ. ಅಜ್ಜಿ ಯಾವ ಕಡೆಯ ಕೂಗಿಗೆ ಕಾಯುತ್ತಿದ್ದರು, ಎಡಕ್ಕೋ ಬಲಕ್ಕೋ, ಅದನ್ನೂ ಬರೆಯಿರಿ. ರೋಮನ್ನರಿಗೆ ಎಡಗಡೆ ಶುಭ, ಗ್ರೀಕರಿಗೆ ಬಲಗಡೆ. ನಿಮ್ಮ ಊರಿನದು ನಿಮಗೆ ಮಾತ್ರ ಗೊತ್ತು. ತಿದ್ದಿದ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೇ ಕಳಿಸಿ, ಬಂದ ದಿನವೇ ಓದುತ್ತೇನೆ.

ಒಂದು ಮಾತು ಕೇಳುವುದಿದೆ. ಒಂದು ವರ್ಷ ಹೊತ್ತು ಏರಿದರೂ ಹಾಲಕ್ಕಿ ನುಡಿಯಲೇ ಇಲ್ಲ ಎಂದು ಬರೆದು ಪ್ಯಾರಾ ಮುಗಿಸಿದ್ದೀರಿ. ಆವತ್ತು ಅಜ್ಜಿ ಏನು ಮಾಡಿದರು?

ಪ್ರೀತಿಯಿಂದ,
ಸಂಪಾದಕ