ಪ್ಲಂಬರ್ ಕೈಯಲ್ಲಿ ಗ್ಯಾಸ್ ಪೈಪ್ ಹಾಕಿಸಬಹುದಾ?

ಸಿಲಿಂಡರ್ ಹೊರಗಿಟ್ಟು ಗೋಡೆಯಲ್ಲಿ ತಾಮ್ರದ ಪೈಪ್ ಹಾಯಿಸಬೇಕು, ನಲ್ಲಿ ಕೆಲಸದವನೇ ಅಗ್ಗಕ್ಕೆ ಮಾಡಿಕೊಡ್ತೀನಿ ಅಂತಾನೆ, ಕೊಡಲಾ ಅಂತ ಕೇಳಿದ್ದೀರಿ. ಬೇಡ ರೀ. ನೀರು ಸೋರಿದರೆ ಕಾಣುತ್ತದೆ, ಗ್ಯಾಸ್ ಹಾಗಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ದು ನೆಲದ ಮೇಲೇ ಕೂರುತ್ತದೆ.

ಮೊದಲು ನಿಮ್ಮ ಗ್ಯಾಸ್ ಏಜೆನ್ಸಿಗೆ ಹೋಗಿ, ಅವರ ಮೆಕ್ಯಾನಿಕ್ ಯಾರು ಅಂತ ಕೇಳಿ. ಬಂದವರ ಗುರುತಿನ ಚೀಟಿ ನೋಡಿ, ಬಿಲ್ ಬರೆಸಿಕೊಳ್ಳಿ. ಬಿಲ್ ಕೇಳಿದ ಕೂಡಲೇ ಮುಖ ಗಂಟು ಹಾಕಿದರೆ ಅಲ್ಲಿಗೇ ನಮಸ್ಕಾರ ಹೇಳಿಬಿಡಿ.

ಕೆಲಸ ಮುಗಿದ ಮೇಲಿನ ಪರೀಕ್ಷೆಯೇ ಮುಖ್ಯ. ಪೈಪಿಗೆ ಗಾಳಿ ತುಂಬಿ, ಒತ್ತಡ ತೋರಿಸುವ ಗೇಜ್ ಕಟ್ಟಿ, ಸ್ವಲ್ಪ ಹೊತ್ತು ಬಿಡಬೇಕು. ಮುಳ್ಳು ಇಳಿಯಬಾರದು. ಆಮೇಲೆ ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ ನೋಡಲಿ, ಗುಳ್ಳೆ ಎದ್ದರೆ ಸೋರುತ್ತಿದೆ ಅಂತಲೇ ಅರ್ಥ. ಕಡ್ಡಿ ಗೀರಿ ನೋಡುವವನನ್ನು ಮನೆಯೊಳಗೇ ಬಿಡಬೇಡಿ! ಜಾಯಿಂಟುಗಳು ಗೋಡೆಯೊಳಗೆ ಹೂತುಹೋಗಬಾರದು. ಒಲೆಯ ಹತ್ತಿರ ಕೈಗೆ ಸಿಗುವಂತೆ ಒಂದು ವಾಲ್ವ್ ಇರಲಿ. ಕಟ್ಟೆಯ ಶಹಾಬಾದ್ ಕಲ್ಲಿಗೆ ತೂತು ಕೊರೆಯುವುದಿದ್ದರೆ ಪೈಪ್ ಹಾಕುವ ಮೊದಲೇ ಕೊರೆಸಿ.

ಒಲೆಗೆ ಸೇರುವ ರಬ್ಬರ್ ಪೈಪ್ ಐಎಸ್‌ಐ ಗುರುತಿನದೇ ಇರಲಿ. ಉದ್ದ 1.5 ಮೀಟರ್ ದಾಟಬಾರದು, 5 ವರ್ಷಕ್ಕೆ ಬದಲಿಸಬೇಕು. ಇನ್ನು ಕಲಬುರಗಿ ಬಿಸಿಲು ನಿಮಗೆ ಗೊತ್ತೇ ಇದೆ ಅಲ್ವಾ, ಸಿಲಿಂಡರಿಗೆ ನೆರಳು ಬೇಕು. ಅದು ನೆಟ್ಟಗೆ ನಿಂತಿರಬೇಕು, ಪಕ್ಕದಲ್ಲಿ ಚರಂಡಿ ಬಾಯಿ ಇರಬಾರದು.

ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದು, ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.