18 ಸಾವಿರ ಮೈಲಿಯ ಎಂಜಿಬಿ: ಮೊದಲು ಸಿಲ್ ನೋಡಿ

ಬರ್ಮಿಂಗ್‌ಹ್ಯಾಮ್‌ನಲ್ಲಿ 1972ರ ಎಂಜಿಬಿ ರೋಡ್‌ಸ್ಟರ್ (ತೆರೆದ ಮೇಲ್ಛಾವಣಿಯ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಇದೆ, ಬರೀ 18 ಸಾವಿರ ಮೈಲಿ ಓಡಿದೆಯಂತೆ, ತಗೊಳ್ಳಲಾ ಅಂತ ಕೇಳಿದ್ದೀರಿ. ಮೀಟರ್ ಒಂದನ್ನೇ ನಂಬಬೇಡಿ. ಅದರಲ್ಲಿ ಮೈಲಿಗೆ ಐದೇ ಅಂಕಿ, ಲಕ್ಷ ದಾಟಿದರೆ ಮತ್ತೆ ಸೊನ್ನೆಯಿಂದ ಶುರು. ಹಳೆಯ ಎಂಒಟಿ (ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆ) ಚೀಟಿಗಳನ್ನು ಕೇಳಿ, ಆಗಿನ ಮೈಲಿ ಗೊತ್ತಾಗುತ್ತದೆ; ಪೆಡಲ್ ರಬ್ಬರ್ ಎಷ್ಟು ಸವೆದಿದೆ ನೋಡಿ.

ನನಗಂತೂ ಮೈಲಿಗಿಂತ ತುಕ್ಕಿನದೇ ಜಾಸ್ತಿ ಚಿಂತೆ. ಈ ಕಾರಿಗೆ ಬೇರೆ ಚಾಸಿ (ಅಡಿ ಚೌಕಟ್ಟು) ಇಲ್ಲ, ಬಾಗಿಲ ಕೆಳಗಿನ ಸಿಲ್‌ಗಳೇ ಬೆನ್ನೆಲುಬು. ಜ್ಯಾಕ್ ಹಾಕಿ ಎತ್ತಿಸಿ, ಬಾಗಿಲಿನ ಸಂದು ನೋಡಿ. ಸಂದು ಕಿರಿದಾಗಿ ಬಾಗಿಲು ಹಿಡಿದುಕೊಂಡರೆ ಸಿಲ್ ಒಳಗೆ ತಿಂದುಹೋಗಿರುತ್ತದೆ, ಬಿಟ್ಟುಬಿಡಿ. 1798 ಸಿಸಿ ಎಂಜಿನ್ ಗಟ್ಟಿ, ಬಿಡಿಭಾಗಗಳೂ ಸಿಗುತ್ತವೆ. ಆದರೆ ಸುಮ್ನೆ ನಿಂತಿದ್ದ ಗಾಡಿ ಅಲ್ವಾ? ಬ್ರೇಕ್, ಟೈರ್, ಪೆಟ್ರೋಲ್ ಪೈಪ್‌ಗಳ ಖರ್ಚು ಕಳೆದೇ ಬೆಲೆ ಮಾತಾಡಿ.